ಲಾರಿಯೇ ಇಲ್ಲದ ದಾರಿಯಲ್ಲಿ ಬಿದ್ದವನು ನಾನೊಬ್ಬನೇ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಕಾರಿಲ್ಲ, ಲಾರಿಯಿಲ್ಲ, ಆಟೋ ಇಲ್ಲ, ಅಡ್ಡ ಬರೋಕೆ ಒಂದು ಎಮ್ಮೆ ಕೂಡ ಇಲ್ಲದ ಮುನ್ನೂರು ಕಿಲೋಮೀಟರ್ ಸೈಕಲ್ ದಾರಿಯಲ್ಲಿ ಅಪಘಾತ ಮಾಡಿಕೊಂಡವನು ನಾನೇ. ಯಾರೂ ನನಗೆ ಗುದ್ದಲಿಲ್ಲ. ಗುದ್ದೋಕೆ ಅಲ್ಲಿ ಯಾರೂ ಇರಲಿಲ್ಲ. ವಾಹನಗಳು ಒಳಗೆ ನುಗ್ಗಬಾರದು ಅಂತ ದಾರಿಯ ನಡುವೆ ಒಂದು ಕಂಬ ನೆಟ್ಟಿದ್ದರು. ಕಣ್ಣು ಹಾಯುವಷ್ಟು ದೂರ ಗುದ್ದಬಹುದಾದ ವಸ್ತು ಅಂತ ಇದ್ದದ್ದು ಅದೊಂದೇ. ನಾನು ಹುಡುಕಿಕೊಂಡು ಹೋಗಿ ಅದಕ್ಕೇ ಗುದ್ದಿದೆ.

ಅಷ್ಟೇ ಆಗಿದ್ದರೆ ನೀವೂ ನಕ್ಕು, ನಾನೂ ನಕ್ಕು ಮುಗಿಸಬಹುದಿತ್ತು. ಬಿದ್ದ ಮೇಲೆ ಒಂದು ಸುಳ್ಳು ಬೇರೆ ಹೇಳಿದೆ. ಆ ಸುಳ್ಳಿಂದ ನಮ್ಮ ಚಿಕ್ಕಪ್ಪನ ಸೈಕಲ್ಲು ಹಾಲಿನ ಕ್ಯಾನ್ ಹೊರೋಕೆ ಹೊರಟು ನಿಂತಿತ್ತು.

ಹೊರಡೋ ಮುಂಚೆ: ಮೂರನೇ ಮಗ್ಗದ ಕಾಲು

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಮುಂದೆ ಎರಡು ಕೋಣೆ, ಹಿಂದೆ ಶೆಡ್ಡಿನಲ್ಲಿ ಆರು ಪವರ್‌ಲೂಮ್. ಮಗ್ಗ ಓಡುವಾಗ ಶೆಡ್ಡಿನೊಳಗೆ ಯಾರೂ ಕೂಗಲ್ಲ, ಕೂಗಿ ಪ್ರಯೋಜನವೂ ಇಲ್ಲ. ಅಂಗೈ ಎತ್ತಿದರೆ ಮಗ್ಗ ನಿಲ್ಲಿಸು ಅಂತ. ಎರಡು ಬೆರಳನ್ನು ಕತ್ತರಿ ಮಾಡಿದರೆ ಎಳೆ ಹರಿದಿದೆ ಅಂತ. ಹೆಬ್ಬೆಟ್ಟು ತುಟಿಗೆ ಹೋದರೆ ಟೀ. ಮಿಕ್ಕಿದ್ದನ್ನು ದನಿಯಿಲ್ಲದೆ, ತುಟಿಯಲ್ಲೇ ಆಡಿಕೊಳ್ತಾರೆ. ನನಗೆ ಇದು ಯಾವುದೂ ಬರಲ್ಲ. ನಾನು ಶೆಡ್ಡಿಂದ ತಪ್ಪಿಸಿಕೊಂಡು ಮದುವೆ ರಿಸೆಪ್ಷನ್ನುಗಳಲ್ಲಿ ಮೈಕ್ ಹಿಡಿದ ಪುಣ್ಯಾತ್ಮ. ದೇವನಹಳ್ಳಿಯಿಂದ ನೆಲಮಂಗಲದವರೆಗೆ ಯಾವ ಕಲ್ಯಾಣ ಮಂಟಪಕ್ಕೆ ಬೇಕಾದರೂ ಕರೆಯಿರಿ. ಹುಡುಗಿಯ ಸೋದರಮಾವನ ನಡಿಗೆ, ಪುರೋಹಿತರ ಕೆಮ್ಮು, ವಿಡಿಯೋದವನ "ಸ್ವಲ್ಪ ಈ ಕಡೆ ನೋಡಿ ಮೇಡಂ", ಎಲ್ಲವನ್ನೂ ಊಟದ ಪಂಕ್ತಿ ಏಳೋದರೊಳಗೆ ಮಾಡಿ ತೋರಿಸ್ತೀನಿ. ಮನೆಯಲ್ಲಿ ಮಾತ್ರ ನನಗೆ ಬರೋ ಬೇಡಿಕೆ ಒಂದೇ. "ಲೇ ಕಿರಣ, ಚಿಕ್ಕಪ್ಪನ್ನ ಮಾಡೋ."

ಚಿಕ್ಕಪ್ಪ ನಾಗರಾಜಪ್ಪನವರು ನಲವತ್ತು ವರ್ಷ ಮಗ್ಗಗಳ ನಡುವೆ ನಿಂತು ಕಿವಿಯನ್ನು ಮುಕ್ಕಾಲು ಕಳಕೊಂಡಿದ್ದಾರೆ. ಅವರ ಮಾತು ಮಾತ್ರ ಪಕ್ಕದ ಬೀದಿಗೂ ಕೇಳಿಸುತ್ತೆ. ಹಿಂದಿನಿಂದ ಯಾರಾದರೂ ಏನಾದರೂ ಅಂದರೆ ಕೈಯನ್ನು ಕಿವಿ ಹಿಂದೆ ಮೊರದ ಹಾಗೆ ಹಿಡಿದು, ಕತ್ತು ಓರೆ ಮಾಡಿ, "ಏನಂದೇ? ಎಲ್ಲೀ ಅಂದೇ?" ಅಂತಾರೆ. ಅವರ ಬೆನ್ನ ಹಿಂದೆ ನಿಂತು ಹನ್ನೆರಡು ವರ್ಷದಿಂದ ಇದನ್ನ ಮಾಡಿ ತೋರಿಸ್ತಾ ಬಂದಿದೀನಿ. ಕಿವಿ ಕೇಳದವರ ಬೆನ್ನ ಹಿಂದೆ ಮಿಮಿಕ್ರಿ ಮಾಡೋದಕ್ಕಿಂತ ಸುಲಭದ ಕೆಲಸ ಭೂಮಿ ಮೇಲೆ ಇನ್ನೊಂದಿಲ್ಲ ಅಂದುಕೊಂಡಿದ್ದೆ.

ಅವರಿಗಿರೋದು ಒಂದೇ ಚಟ, ಸೈಕಲ್ಲು. ದಿನಾ ಬೆಳಗ್ಗೆ ನಂದಿ ಬೆಟ್ಟದ ಬುಡಕ್ಕೆ ಹೋಗಿ ಬರೋರು. ಹೋದ ವರ್ಷ ಹಿಂದೆ ಬಂದ ಜಲ್ಲಿ ಟಿಪ್ಪರ್ ಒಂದು ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಕೊನೆಗೆ ತಾನೇ ಚರಂಡಿಗೆ ಇಳಿಯಿತು. ಚಿಕ್ಕಪ್ಪನಿಗೆ ಗೊತ್ತೇ ಇಲ್ಲ. ಮನೆಗೆ ಬಂದು ದೋಸೆ ತಿಂತಾ ಕೂತಿದ್ದರು. ಅರ್ಧ ಗಂಟೆ ಬಿಟ್ಟು ಆ ಡ್ರೈವರ್ರು ವಿಚಾರಿಸಿಕೊಂಡು ಬಂದು, ಬಾಗಿಲಲ್ಲಿ ನಿಂತು ಅಳ್ತಾ ಬೈದ. ಅವತ್ತೇ ನಮ್ಮ ಚಿಕ್ಕಮ್ಮ ಲಲಿತಮ್ಮ ಸೈಕಲ್ಲಿಗೆ ಸರಪಳಿ ಸುತ್ತಿ ಮೂರನೇ ಮಗ್ಗದ ಕಾಲಿಗೆ ಬಿಗಿದು ಬೀಗ ಜಡಿದರು. ಕೀಲಿಕೈ ಸೆರಗಿನ ಗಂಟಿಗೆ ಹೋಯಿತು.

ಚಿಕ್ಕಪ್ಪ ಜಗಳ ಆಡಲಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಎದ್ದು, ಕಟ್ಟಿಹಾಕಿದ ಸೈಕಲ್ಲಿನ ಟೈರು ಒತ್ತಿ ಗಾಳಿ ನೋಡೋರು. ಚೈನಿಗೆ ಎಣ್ಣೆ ಬಿಡೋರು. ಬಟ್ಟೆಯಲ್ಲಿ ಒರೆಸಿ ಒಳಗೆ ಹೋಗೋರು. ಆರು ತಿಂಗಳು ಹೀಗೇ ನಡೀತು. ಇದನ್ನ ಮಾತ್ರ ನಾನು ಯಾವತ್ತೂ ಮಿಮಿಕ್ರಿ ಮಾಡಲಿಲ್ಲ. ಯಾಕೋ ಬರಲಿಲ್ಲ.

ಅವರ ಮಗಳು ಸುಮಾ ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಆಲ್ಪ್ಸ್ ಬೆಟ್ಟದ ಮೇಲಿಂದ ಇಟಲಿಯ ಬಯಲಿನವರೆಗೆ ಒಂದು ನದಿಯ ಜೊತೆಗೇ ಇಳಿಯೋ ಸೈಕಲ್ ದಾರಿ ಇದೆ, ಮೋಟಾರಿನ ವಾಸನೆಯೂ ಬರಲ್ಲ, ಅಪ್ಪನ್ನ ಕಳಿಸಿ ಅಂದಳು. ಚಿಕ್ಕಮ್ಮ ಎರಡು ದಿನ ಯೋಚಿಸಿ ಷರತ್ತು ಹಾಕಿದರು. ಬೆಟ್ಟದಿಂದ ಬಯಲವರೆಗೆ ಬೀಳದೆ, ಬೀಳಿಸದೆ ಇಳಿದು ಬಂದರೆ ಕೀಲಿಕೈ ವಾಪಸ್ಸು. ಅದೂ ಹೈವೇಗಲ್ಲ, ನಮ್ಮೂರ ಕೆರೆ ಏರಿ ಮೇಲೆ ಓಡಾಡೋಕೆ. ಏನಾದರೂ ಯಡವಟ್ಟಾದರೆ ಸೈಕಲ್ಲು ಕುಂದಾಣದಲ್ಲಿರೋ ಚಿಕ್ಕಮ್ಮನ ತಮ್ಮನ ಮನೆಗೆ. ಅವನು ಡೇರಿಗೆ ಹಾಲು ಹಾಕ್ತಾನೆ, ಕ್ಯಾನ್ ಕಟ್ಟಿಕೊಂಡು ಹೋಗೋಕೆ ಆಗುತ್ತೆ. ಇದಕ್ಕೆಲ್ಲ ಸಾಕ್ಷಿ ಬೇಕಲ್ಲ, ಅದು ನಾನು. ದಿನಾ ಫೋನಲ್ಲಿ ವರದಿ ಒಪ್ಪಿಸಬೇಕು. ಹಿಂದೆ ಹಿಂದೆ ಹೋಗ್ತಾ ಚಿಕ್ಕಪ್ಪನ ಕಿವಿಯೂ ಆಗಿರಬೇಕು.

ಬೆಟ್ಟದ ತುದಿ: ನೀರಲ್ಲಿ ನಿಂತ ಗೋಪುರ

ಸುಮಾ ನಮ್ಮನ್ನ ಬೆಟ್ಟದ ಮೇಲಿನ ರೆಶೆನ್ ಅನ್ನೋ ಸರೋವರದ ಹತ್ತಿರ ತಂದು, ಬಾಡಿಗೆ ಸೈಕಲ್ ಕೊಡಿಸಿ, ನನ್ನ ಕೈಗೆ ಮ್ಯಾಪ್ ಇಟ್ಟು ಡ್ಯೂಟಿಗೆ ಓಡಿದಳು. ಸರೋವರದ ನಡುವೆ ಚರ್ಚಿನ ಗಂಟೆ ಗೋಪುರವೊಂದು ಸೊಂಟದವರೆಗೆ ನೀರಲ್ಲಿ ನಿಂತಿದೆ. ಹಿಂದೆ ಯಾವಾಗಲೋ ಅಣೆಕಟ್ಟು ಕಟ್ಟಿ ಹಳ್ಳಿಯನ್ನು ಮುಳುಗಿಸಿದರಂತೆ, ಉಳಿದದ್ದು ಗೋಪುರವೊಂದೇ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಿದ್ದರು. ನಾನೂ ತೆಗೆಸಿಕೊಂಡೆ. ಚಿಕ್ಕಪ್ಪ ಬಹಳ ಹೊತ್ತು ನೋಡಿ, ನಮ್ಮಲ್ಲಿ ಕೆರೆಯೊಳಕ್ಕೆ ಊರು ನುಗ್ಗುತ್ತೆ, ಇಲ್ಲಿ ಊರೊಳಕ್ಕೆ ಕೆರೆ ನುಗ್ಗಿದೆ ಅಂದರು. ಅವರ ಪ್ರಕಾರ ಮೆಲ್ಲಗೆ ಅಂದದ್ದು. ಆಚೆ ದಡದಲ್ಲಿ ಕೂತಿದ್ದ ಬಾತುಕೋಳಿಗಳು ಎದ್ದು ಹೋದವು.

ನಾನು ಊರಿಂದಲೇ ಒಂದು ರಬ್ಬರ್ ಉಂಡೆಯ ಹಾರ್ನ್ ತಂದಿದ್ದೆ, ಐಸ್‌ಕ್ಯಾಂಡಿ ಗಾಡಿಗೆ ಇರುತ್ತಲ್ಲ, ಪೊಂಯ್ ಪೊಂಯ್ ಅನ್ನೋದು. ಕಿವಿ ಕೇಳದವರ ಹಿಂದೆ ಹಾರ್ನ್ ಹೊಡೆದು ಯಾರನ್ನ ಎಚ್ಚರಿಸ್ತೀನಿ ಅಂತ ಕೊಳ್ಳುವಾಗ ನನಗೂ ಹೊಳೆಯಲಿಲ್ಲ, ಮಾರಿದವನಿಗೂ ಹೊಳೆಯಲಿಲ್ಲ. ಚಿಕ್ಕಪ್ಪ ಹಳೇ ಮೊಪೆಡ್ಡಿನ ಕನ್ನಡಿ ಒಂದನ್ನ ಟವೆಲ್ಲಲ್ಲಿ ಸುತ್ತಿ ತಂದಿದ್ದರು. ಅದನ್ನ ಹ್ಯಾಂಡಲ್ಲಿಗೆ ತಂತಿ ಸುತ್ತಿ ಕೂರಿಸಿದರು. ಹಿಂದೆ ಲಾರಿ ಬರಲ್ಲ, ಬಸ್ಸು ಬರಲ್ಲ, ಕನ್ನಡಿಯಲ್ಲಿ ಏನು ನೋಡ್ತೀರ ಅಂತ ಅವರ ಮುಂದೆ ನಿಂತು ಕೈಸನ್ನೆ ಮಾಡಿದೆ.

"ಹಿಂದೆ ನೀನಿರ್ತೀಯಲ್ಲಪ್ಪಾ," ಅಂದರು.

ಸೇಬಿನ ತೋಟಗಳು

ಇಳಿಜಾರು ಶುರುವಾಯಿತು. ಎರಡೂ ಕಡೆ ಬೆಟ್ಟ, ನಡುವೆ ನದಿ, ನದಿ ಪಕ್ಕ ಸೇಬಿನ ತೋಟ, ತೋಟದ ಪಕ್ಕ ನಮ್ಮ ದಾರಿ. ಪೆಡಲ್ ತುಳಿಯೋದೂ ಬೇಡ. ಎಲ್ಲ ಪ್ರವಾಸಿಗಳ ಹಾಗೆ "ಮನಸ್ಸು ಹಗುರಾಯಿತು" ಅಂತ ಬರೆಯಬೇಕು ಇಲ್ಲಿ. ನನಗೆ ಹಗುರಾಗಲಿಲ್ಲ. ಚಡಪಡಿಕೆ ಶುರುವಾಯಿತು. ನಮ್ಮಲ್ಲಿ ರಸ್ತೆ ಅಂದರೆ ಹಿಂದಿನಿಂದ ಏನೋ ಒಂದು ಬರ್ತಾನೇ ಇರಬೇಕು. ಇಲ್ಲಿ ಏನೂ ಬರ್ತಿಲ್ಲ. ಬರ್ತಿಲ್ಲ ಅಂದರೆ ಇನ್ನೇನು ಬರುತ್ತೆ ಅಂತಲೇ ನನ್ನ ಬೆನ್ನಿಗೆ ಅರ್ಥ. ಪ್ರತಿ ನಿಮಿಷ ತಿರುಗಿ ನೋಡಿದೆ. ಮೊದಲ ದಿನ ಮುಗಿಯುವಾಗ ಕಾಲು ನೋಯಲಿಲ್ಲ, ಕತ್ತು ಹಿಡ್ಕೊಂಡಿತ್ತು.

ಅಲ್ಲಿನವರದು ಬೇರೆ ಪದ್ಧತಿ. ಹಿಂದಿಕ್ಕೋ ಮುಂಚೆ ಒಂದೇ ಒಂದು ಸಲ, ದೇವರ ಮನೆಯ ಗಂಟೆ ಹಾಗೆ, ಟಿಣ್ ಅನ್ನಿಸ್ತಾರೆ. ಮುಂದಿನವರು ಸರಿದರೆ "ಥ್ಯಾಂಕ್ಸ್" ಹೇಳಿ ಹೋಗ್ತಾರೆ. ಎದುರು ಬಂದವರೆಲ್ಲ ನಮಸ್ಕಾರ ಹೇಳ್ತಾರೆ. ಪರಿಚಯ ಬೇಡ, ಜಾತಕ ಬೇಡ. ಮೇಲ್ಗಡೆಯ ಹಳ್ಳಿಗಳಲ್ಲಿ ಜರ್ಮನ್ ಮಾತು, ಇಳೀತಾ ಇಳೀತಾ ಇಟಾಲಿಯನ್. ನದಿಗೂ ಹಾಗೇ ಎರಡು ಹೆಸರು, ಮೇಲೆ ಎಚ್, ಕೆಳಗೆ ಆದಿಜೆ. ನಾನು ಎಲ್ಲರ ನಮಸ್ಕಾರವನ್ನೂ ಅವರ ದನಿಯಲ್ಲೇ ವಾಪಸ್ ಕೊಟ್ಟೆ. ಗಡಸು ದನಿಯ ತಾತ ಎದುರಾದರೆ ಗಡಸು, ಹಾಡೋ ಹಾಗೆ ಎಳೆಯೋ ಅಜ್ಜಿಗೆ ಹಾಡು. ಒಬ್ಬ ತಾತ ಖುಷಿಯಾಗಿ ನಿಂತೇ ಬಿಟ್ಟ. ನನಗೆ ಅವನ ಭಾಷೆ ಬರುತ್ತೆ ಅಂದುಕೊಂಡು ಹತ್ತು ನಿಮಿಷ ಏನೋ ಕಷ್ಟ ಸುಖ ಹೇಳಿಕೊಂಡ. ನಾನು ನಡುನಡುವೆ ಅವನ ಹಾಗೇ "ಯಾ, ಯಾ" ಅಂದು ನಿಟ್ಟುಸಿರು ಬಿಟ್ಟೆ. ಹೋಗುವಾಗ ನನ್ನ ಭುಜ ತಟ್ಟಿದ. ಯಾರು ಸತ್ತಿದ್ದರೋ ಏನೋ.

ಹಾರ್ನಿಂದ ಮಾತ್ರ ಮರ್ಯಾದೆ ಹೋಯಿತು. ತಿರುವು ಬಂದರೆ ಹಾರ್ನ್ ಹೊಡೆಯೋದು ನಮ್ಮಲ್ಲಿ ಸಭ್ಯತೆ. ನಾನು ಬರ್ತಿದೀನಪ್ಪಾ, ನೋಡ್ಕೋ ಅಂತ. ಇಲ್ಲಿ ಪ್ರತಿ ತಿರುವಿಗೂ ಪೊಂಯ್ ಪೊಂಯ್ ಅನ್ನಿಸ್ತಾ ಬಂದೆ. ಮೂರನೇ ತಿರುವಲ್ಲಿ ನಾಯಿ ಜೊತೆ ನಡೀತಿದ್ದ ಮುದುಕಿ ಗಾಬರಿಯಿಂದ ನಿಂತರು. ನಾನು ಯಾವುದೋ ಆಪತ್ತಿನಲ್ಲಿದೀನಿ ಅಂದುಕೊಂಡು ನೀರಿನ ಬಾಟಲಿ ಕೊಟ್ಟರು. ಆಪತ್ತಿಲ್ಲ ಅಂತ ತಿಳಿದ ಮೇಲೆ ಬಾಟಲಿ ವಾಪಸ್ ಕಿತ್ತುಕೊಂಡರು. ಚಿಕ್ಕಪ್ಪ ಅವರ ಮುಂದೆ ಕೈ ಜೋಡಿಸಿ, ಹಾರ್ನಿನ ಕಡೆ ತೋರಿಸಿ, ಅಂಗೈ ಎತ್ತಿದರು. ಮಗ್ಗ ನಿಲ್ಲಿಸು ಅನ್ನೋ ಸನ್ನೆ. ನಮ್ಮ ಶೆಡ್ಡಿನ ಭಾಷೆ ಆ ಮುದುಕಿಗೆ ಹೇಗೆ ಅರ್ಥವಾಯಿತೋ, ನಕ್ಕರು. ಹಾರ್ನು ಚೀಲ ಸೇರಿತು.

ಅಲ್ಲಿಂದ ಮುಂದೆ ಎಲ್ಲ ಕಡೆ ಇದೇ ಕಥೆ. ನಾನು ಇಂಗ್ಲಿಷಿನಲ್ಲಿ ಒದ್ದಾಡಿ ಒಂದು ಟೀ ತರಿಸೋದರೊಳಗೆ ಚಿಕ್ಕಪ್ಪ ಹೆಬ್ಬೆಟ್ಟು ತುಟಿಗಿಟ್ಟು ಎರಡು ಕಪ್ ತರಿಸಿರೋರು. ಇಟಾಲಿಯನ್ನರು ಹೇಗಿದ್ದರೂ ಕೈಯಲ್ಲೇ ಮಾತಾಡೋರು. ಕೆಳಗಿನ ಊರೊಂದರಲ್ಲಿ ಸೈಕಲ್ ರಿಪೇರಿಯವನ ಜೊತೆ ಅವರು ಅರ್ಧ ಗಂಟೆ ಹರಟಿದರು, ಒಂದೇ ಒಂದು ಶಬ್ದ ಇಲ್ಲದೆ. ಮೈಕ್ ಹಿಡಿದು ಬದುಕೋ ನಾನು ಪಕ್ಕದಲ್ಲಿ ಸೈಕಲ್ ಹಿಡಿದುಕೊಂಡು ನಿಂತಿದ್ದೆ.

ಬೊಲ್ಜಾನೊ ದಾಟಿ: ಏರಿ ಮೇಲೆ

ಬೊಲ್ಜಾನೊ ಪಟ್ಟಣ ದಾಟಿದ ಮೇಲೆ ಬೆಟ್ಟಗಳು ಹಿಂದೆ ಸರಿದು ಕಣಿವೆ ಬಯಲಾಯಿತು. ನದಿಯ ಪ್ರವಾಹ ತಡೆಯೋಕೆ ಎತ್ತರದ ಮಣ್ಣಿನ ದಂಡೆ ಕಟ್ಟಿದ್ದಾರೆ, ಅದರ ನೆತ್ತಿ ಮೇಲೆ ನಮ್ಮ ದಾರಿ. ಗೀಟು ಎಳೆದ ಹಾಗೆ ನೆಟ್ಟಗೆ. ಚಿಕ್ಕಪ್ಪ ಬ್ರೇಕ್ ಹಾಕಿ, ಒಂದು ಕಾಲು ಊರಿ, ಎಡಕ್ಕೆ ನೀರು, ಬಲಕ್ಕೆ ತೋಟ ನೋಡಿದರು. "ಇದು ಏರಿ ಕಣೋ," ಅಂದರು. ಏಳು ಸಾವಿರ ಕಿಲೋಮೀಟರ್ ಹಾರಿ ಬಂದು ಕೆರೆ ಏರಿ ಕಂಡು ಅವರ ಕಣ್ಣು ತೇವವಾಗಿತ್ತು. ಗಾಳಿಗೆ ಅಂದರು. ಗಾಳಿಯೂ ಇತ್ತು, ನಿಜ ಹೇಳಬೇಕಲ್ಲ.

ಆ ಗಾಳಿ ಮಧ್ಯಾಹ್ನವಾದರೆ ದಿನಾ ಎದುರಿಗೇ ಬೀಸುತ್ತೆ. ಚಿಕ್ಕಪ್ಪ ತಲೆ ಬಗ್ಗಿಸಿ ತುಳಿದರು. ನನ್ನಿಂದ ಆಗಲಿಲ್ಲ. ನೆಟ್ಟಗಿನ ದಾರಿ, ಒಂದೇ ಥರ ಸೇಬು, ಸದ್ದಿಲ್ಲ, ನೋಡೋರಿಲ್ಲ. ನೋಡೋರಿಲ್ಲದೆ ಐದು ದಿನ ಕಳೆದದ್ದು ನನ್ನ ಜೀವನದಲ್ಲೇ ಮೊದಲು. ಮನೆಯ ಗ್ರೂಪಿಗೆ ಒಂದು ವಿಡಿಯೋ ಆದರೂ ಕಳಿಸೋಣ ಅಂತ ಫೋನ್ ತೆಗೆದೆ. ಹೆಲ್ಮೆಟ್ ತೆಗೆದು ಹ್ಯಾಂಡಲ್ಲಿಗೆ ನೇತುಹಾಕಿದೆ, ತಲೆಕೂದಲು ಕಾಣಬೇಕಲ್ಲ. ಮುಖ ಹಿಂದಕ್ಕೆ ತಿರುಗಿಸಿ, ಎಡಗೈಯಲ್ಲಿ ಫೋನನ್ನು ಬೆನ್ನ ಹಿಂದಕ್ಕೆ ಚಾಚಿದೆ. ಫ್ರೇಮಿನಲ್ಲಿ ಹಿಂದೆ ಚಿಕ್ಕಪ್ಪನ ಬೆನ್ನು, ಮುಂದೆ ನನ್ನ ಮುಖ. ಕತ್ತು ಓರೆ ಮಾಡಿ, ಬಲಗೈಯನ್ನು ಕಿವಿ ಹಿಂದೆ ಮೊರ ಮಾಡಿ, "ಏನಂದೇ? ಇಟಲೀ ಎಲ್ಲೀ ಅಂದೇ?" ಅಂದೆ. ಈಗ ಎಣಿಸಿ ನೋಡಿ. ನನಗಿರೋದು ಎರಡೇ ಕೈ.

ಕಂಬ ಅಲ್ಲಿತ್ತು.

ಗಲ್ಲ ಕೊಯ್ದುಕೊಂಡಿತು, ತುಟಿ ಇಡ್ಲಿ ಹಾಗೆ ಊದಿತು, ಸೈಕಲ್ಲಿನ ಹ್ಯಾಂಡಲ್ಲು ತೋಟದ ಕಡೆ ತಿರುಗಿ ನಿಂತಿತು. ಸೇಬು ಕೀಳ್ತಿದ್ದ ಹೆಂಗಸೊಬ್ಬರು ಏಣಿ ಇಳಿದು ಓಡಿ ಬಂದರು. ನಮ್ಮ ಚಿಕ್ಕಮ್ಮನ ವಯಸ್ಸು, ಬೈಯೋದರಲ್ಲೂ ಅದೇ ಧಾಟಿ. ಗಾಯ ತೊಳೆದು, ಹ್ಯಾಂಡಲ್ಲಿನಲ್ಲಿ ನೇತಾಡ್ತಿದ್ದ ಹೆಲ್ಮೆಟ್ಟನ್ನು ನನ್ನ ಮುಖದ ಹತ್ತಿರ ಹಿಡಿದು ಉಗಿದರು. ಅಷ್ಟರಲ್ಲಿ ಚಿಕ್ಕಪ್ಪ ವಾಪಸ್ ಬಂದರು. ಇವನಿಗೇನಾಗಿದೆ ಅನ್ನೋ ಹಾಗೆ ಆಕೆ ಕೈ ತಿರುಗಿಸಿದರು. ಚಿಕ್ಕಪ್ಪ ಎರಡು ಬೆರಳನ್ನು ತಲೆ ಹತ್ತಿರ ಹಿಡಿದು ಕತ್ತರಿ ಆಡಿಸಿದರು. ಎಳೆ ಹರಿದಿದೆ. ಆಕೆ ಏಣಿ ಹಿಡಿದುಕೊಂಡು ನಕ್ಕರು.

ಗಾಜಿನ ಬಾಗಿಲು

ಸ್ವಲ್ಪ ಮುಂದೆ ಸೈಕಲ್ಲಿನವರಿಗೇ ಅಂತ ಇರೋ ಒಂದು ಹೋಟೆಲ್ಲು. ಚಿಕ್ಕಪ್ಪ ಅಂಗಳದಲ್ಲಿ ನನ್ನ ಹ್ಯಾಂಡಲ್ಲನ್ನು ತೊಡೆ ನಡುವೆ ಹಿಡಿದು ನೆಟ್ಟಗೆ ಮಾಡ್ತಿದ್ದರು. ನಾನು ಗಾಜಿನ ಬಾಗಿಲ ಒಳಗೆ ಕೂತಿದ್ದೆ. ಚಿಕ್ಕಮ್ಮನ ಫೋನ್ ಬಂತು. ವಿಡಿಯೋ ಬೇಡ, ನೆಟ್‌ವರ್ಕ್ ಇಲ್ಲ ಅಂದೆ. ಊರಿನ ಎಲ್ಲರ ದನಿಯೂ ನನಗೆ ಬರುತ್ತೆ, ಊದಿದ ತುಟಿಯಲ್ಲಿ ನನ್ನದೇ ದನಿ ಬರಲಿಲ್ಲ. ಎರಡನೇ ಮಾತಿಗೇ ಸಿಕ್ಕಿಬಿದ್ದೆ.

"ಯಾರೋ ಬಿದ್ದಿದ್ದು?" ಅಂದರು.

ಇಲ್ಲಿ ನಿಜ ಹೇಳಬಹುದಿತ್ತು. ಹೇಳಿದರೆ ವಿಡಿಯೋ ಕಥೆ ಬರುತ್ತೆ, ವಿಡಿಯೋ ಅಂದರೆ ಮಿಮಿಕ್ರಿ, ಮಿಮಿಕ್ರಿ ಅಂದರೆ ಅವರ ಗಂಡ. ನಾಲಿಗೆ ತಾನೇ ಒಂದು ದಾರಿ ಹುಡುಕಿಕೊಂಡಿತು. ಚಿಕ್ಕಪ್ಪ ಸಡನ್ನಾಗಿ ಬ್ರೇಕ್ ಹಾಕಿದ್ರು ಅಂದೆ. ನಾನು ಹಾರ್ನ್ ಹೊಡೆದೆ, ಅವರಿಗೆ ಕೇಳಿಸಲಿಲ್ಲ ಅಂದೆ. ಅವರಿಗೆ ತಾಗಬಾರದು ಅಂತ ನಾನೇ ಪಕ್ಕಕ್ಕೆ ಎಳ್ಕೊಂಡು ಬಿದ್ದೆ ಅಂತ ಕೊನೆಗೆ ಒಂಚೂರು ಹೀರೋಗಿರಿಯನ್ನೂ ಸೇರಿಸಿದೆ. ಹಾರ್ನ್ ನಾಲ್ಕು ದಿನದಿಂದ ಚೀಲದಲ್ಲಿತ್ತು.

ಚಿಕ್ಕಮ್ಮ ಮೆಲ್ಲಗೆ, ಭಾನುವಾರ ತಮ್ಮ ಲಗೇಜ್ ಆಟೋ ತರ್ತಾನೆ, ಸೈಕಲ್ಲು ತಗೊಂಡು ಹೋಗಲಿ, ಇವರು ಬರೋ ಹೊತ್ತಿಗೆ ಕಣ್ಣ ಮುಂದೆ ಇರೋದು ಬೇಡ ಅಂದು ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ತಲೆ ಎತ್ತಿದೆ. ಗಾಜಿನ ಆಚೆ ಚಿಕ್ಕಪ್ಪ ಸ್ಪ್ಯಾನರ್ ಹಿಡಿದು ನನ್ನ ಕಡೆಯೇ ನೋಡ್ತಿದ್ದರು. ಹೆಬ್ಬೆಟ್ಟು ತುಟಿಗಿಟ್ಟು, ಟೀ ಕುಡೀತೀಯಾ ಅಂತ ಕೇಳಿದರು.

ಅವತ್ತು ಶುಕ್ರವಾರ. ಶನಿವಾರ ಇಡೀ ದಿನ ದ್ರಾಕ್ಷಿ ತೋಟಗಳ ನಡುವೆ ಹೋದೆವು, ಭಾನುವಾರ ಬೆಳಗ್ಗೆ ಕಡಿದಾದ ಬಂಡೆಗಳ ನಡುವೆ ನದಿ ನುಸುಳೋ ಕಡೆ ನಾವೂ ನುಸುಳಿದೆವು. ಚೆಂದ ಇತ್ತಂತೆ. ಫೋಟೋದಲ್ಲಿ ನೋಡಿದೆ. ಆಗ ನನಗೆ ಕಾಣ್ತಿದ್ದದ್ದು ಮುಂದೆ ಹೋಗ್ತಿದ್ದ ಚಿಕ್ಕಪ್ಪನ ಬೆನ್ನೊಂದೇ. ಒಂದು ಇಂಚು ಆಚೀಚೆ ಇಲ್ಲ. ಪ್ರತಿ ತಿರುವಿಗೂ ಕೈ ತೋರಿಸೋರು, ಪ್ರತಿ ಕಂಬಕ್ಕೂ ಬೆರಳು ತೋರಿಸೋರು, ನನಗೋಸ್ಕರ. ಎರಡು ಸಲ ಪಕ್ಕಕ್ಕೆ ಹೋಗಿ ಹೇಳೋಣ ಅಂದುಕೊಂಡೆ. ಕಿವಿ ಕೇಳದವರಿಗೆ ಗುಟ್ಟಾಗಿ ತಪ್ಪೊಪ್ಪಿಗೆ ಹೇಳೋಕೆ ಆಗಲ್ಲ, ಕೂಗಿಯೇ ಹೇಳಬೇಕು. ಆ ಧೈರ್ಯ ಬರಲಿಲ್ಲ.

ವೆರೋನಾ: ಸೇತುವೆ ಮೇಲೆ

ಬೆಟ್ಟ ಮುಗಿಯಿತು. ವೆರೋನಾ ಊರಿನ ಹಳೇ ಇಟ್ಟಿಗೆ ಸೇತುವೆ ಮೇಲೆ ಸೈಕಲ್ ನಿಲ್ಲಿಸಿದೆವು. ಕೆಳಗೆ ಅದೇ ಆದಿಜೆ, ಈಗ ಅಗಲವಾಗಿ, ಮಣ್ಣು ಬಣ್ಣದಲ್ಲಿ. ಚಿಕ್ಕಪ್ಪ ಟವೆಲ್ಲಲ್ಲಿ ಮುಖ ಒರೆಸ್ಕೊಂಡು, ನಿಮ್ಮ ಚಿಕ್ಕಮ್ಮನಿಗೆ ವಿಡಿಯೋ ಹಾಕು, ಬಿದ್ದಿಲ್ಲ ಅಂತ ತೋರಿಸಬೇಕು ಅಂದರು.

ಪರದೆಯಲ್ಲಿ ನಮ್ಮ ಶೆಡ್ಡು ಬಂತು. ಭಾನುವಾರ, ಮಗ್ಗ ನಿಂತಿತ್ತು. ಚಿಕ್ಕಮ್ಮ ಮೂರನೇ ಮಗ್ಗದ ಪಕ್ಕ ನಿಂತಿದ್ದರು, ಹಿಂದೆ ಅವರ ತಮ್ಮ ಹಗ್ಗ ಹಿಡಿದು ಕಾಯ್ತಿದ್ದ. ಸೆರಗಿನ ಗಂಟು ಅರ್ಧ ಬಿಚ್ಚಿತ್ತು. ಒಂದು ವಾಹನ ಇಲ್ಲದ ಕಡೆಯೇ ಹುಡುಗನ್ನ ಬೀಳಿಸಿದೋರು ನಮ್ಮೂರಲ್ಲಿ ಏನು ಮಾಡಲ್ಲ, ನಾನು ಕಳಿಸ್ತಿದೀನಿ, ಹೇಳ್ಬಿಡು ಅಂದರು. ಬಿಸಿಲಿಗೆ ಪರದೆ ಮಿಂಚ್ತಿತ್ತು, ಚಿತ್ರ ತಡೆದು ತಡೆದು ಬರ್ತಿತ್ತು.

ಚಿಕ್ಕಪ್ಪ ನನ್ನ ಕಡೆ ತಿರುಗಿ, ಕೈಯನ್ನು ಕಿವಿ ಹಿಂದೆ ಹಿಡಿದು, "ಏನಂದ್ಲು?" ಅಂದರು.

ಕಿವಿ ನಾನು. ಸಾಕ್ಷಿಯೂ ನಾನು. ಏನು ಬೇಕಾದರೂ ಹೇಳಬಹುದಿತ್ತು. ಸೇತುವೆ ಮೇಲಿನ ಜನವೆಲ್ಲ ತಿರುಗಿ ನೋಡೋ ಹಾಗೆ, ಇಬ್ಬರಿಗೂ ಕೇಳಿಸೋ ಹಾಗೆ ಕೂಗಿ ಹೇಳಿದೆ. ಬ್ರೇಕ್ ಸುಳ್ಳು. ಹಾರ್ನ್ ಸುಳ್ಳು. ಚಿಕ್ಕಪ್ಪನ್ನ ಮಿಮಿಕ್ರಿ ಮಾಡ್ತಾ ಎರಡೂ ಕೈ ಬಿಟ್ಟು ಕಂಬಕ್ಕೆ ಗುದ್ದಿದೆ. ಅವರು ಎಲ್ಲೂ ಬೀಳಲಿಲ್ಲ, ಯಾರನ್ನೂ ಬೀಳಿಸಲಿಲ್ಲ.

ಚಿಕ್ಕಮ್ಮ ನನ್ನನ್ನ ಬಿಟ್ಟು ಗಂಡನ ಕಡೆ ನೋಡಿ, ತುಟಿ ಅಗಲಿಸಿ, ದನಿಯಿಲ್ಲದೆ ಏನೋ ಕೇಳಿದರು. ಚಿಕ್ಕಪ್ಪ ಪರದೆಗೆ ಮುಖ ಹತ್ತಿರ ತಂದು ಓದಿಕೊಂಡರು.

"ಗೊತ್ತಿತ್ತು. ಬಿದ್ದಿದ್ದು ಕನ್ನಡಿಲಿ ಕಂಡೆ, ಸುಳ್ಳು ಹೇಳಿದ್ದು ಗಾಜಲ್ಲಿ ಓದಿದೆ," ಅಂದರು.

ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಅಂತ ಚಿಕ್ಕಮ್ಮ ಕೇಳಿದರು.

"ಸಾಕ್ಷಿ ಅವನಲ್ವಾ? ನಾನು ಹೇಳಿದ್ರೆ ನೀನು ನಂಬ್ತಿದ್ಯಾ?" ಅಂದು ನನ್ನ ಕಡೆ ತಿರುಗಿದರು. "ಹನ್ನೆರಡು ವರ್ಷದಿಂದ ಕಣ್ಣಂಚಲ್ಲೇ ನೋಡ್ತಿದೀನಿ ಕಣೋ. ದನಿ ಹೆಂಗೆ ಮಾಡ್ತೀಯೋ ನನಗೆ ಗೊತ್ತಾಗಲ್ಲ. ಕೈ ಮಾತ್ರ ತಪ್ಪು. ನಾನು ಹಿಡಿಯೋದು ಎಡಗೈ."

ಅವರ ಕೈ ಇನ್ನೂ ಕಿವಿ ಹಿಂದೆಯೇ ಇತ್ತು. ನೋಡಿದೆ. ಎಡಗೈಯೇ.

ಪರದೆಯಲ್ಲಿ ತಮ್ಮ ಹಗ್ಗ ಸುತ್ತಿಟ್ಟುಕೊಂಡ. ಚಿಕ್ಕಮ್ಮ ಬಗ್ಗಿ ಬೀಗ ತೆಗೆದರು, ಸರಪಳಿ ನೆಲಕ್ಕೆ ಬಿದ್ದ ಸದ್ದು ವೆರೋನಾಕ್ಕೆ ಕೇಳಿಸಿತು. ನಾನು ಎಲ್ಲ ಮುಗೀತಲ್ಲ ಅಂತ ಊದಿದ ತುಟಿಯಲ್ಲೇ ಒಂದು ನಗು ನಕ್ಕು, ಸಾರಿ ಚಿಕ್ಕಮ್ಮ ಅಂದೆ. ಅವರು ಸರಪಳಿ ಎತ್ತಿಕೊಂಡು ಫೋನಿನ ಹತ್ತಿರ ಬಂದರು.

"ಕಿವಿ ಕೇಳದೋರು ನೆಟ್ಟಗೆ ಬಂದ್ರು, ಎಲ್ಲಾ ಕೇಳೋನು ಕಂಬಕ್ಕೆ ಗುದ್ದಿದ. ಸೈಕಲ್ ಬಿಚ್ಚಿದೀನಿ. ಸರಪಳಿ ಇಲ್ಲೇ ಇರುತ್ತೆ, ನೀನು ಬಾ ಊರಿಗೆ."